ಮುನ್ನೂರ ಹನ್ನೆರಡು ಜನರ ಒಂದು ಕೇಸು

ನಮ್ಮ ಅತ್ತೆ ಒಂದು ಬೆಳಿಗ್ಗೆ ಒಲೆಯ ಮೇಲಿದ್ದ ಹಾಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಬರಿಗೈಯಲ್ಲೇ ಎತ್ತಿ ಕೆಳಗಿಟ್ಟರು. ನಾನು ಆಗ ತಾನೆ ಸೊಸೆಯಾಗಿ ಆ ಮನೆಗೆ ಬಂದವಳು. ಎಂಥ ಗಟ್ಟಿಗಿತ್ತಿ ಎಂದುಕೊಂಡೆ. ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ಅವರಿಗೂ ನನಗೂ ತಿಳಿದದ್ದು, ಬಿಸಿ ಅವರ ಬೆರಳಿಗೆ ಗೊತ್ತೇ ಆಗಿಲ್ಲವೆಂದು.

ಅತ್ತೆ ಹತ್ತೊಂಬತ್ತು ವರ್ಷದಿಂದ ಬೂಟಿನ ಕಾರ್ಖಾನೆಯಲ್ಲಿ ಅಂಟು ಹಚ್ಚುವ ಕೆಲಸದಲ್ಲಿದ್ದರು. ಉದ್ದನೆಯ ಬೆಂಚು, ಎದುರಿಗೆ ಅಂಟಿನ ಡಬ್ಬಿ, ಬಲಗೈಯಲ್ಲಿ ಬ್ರಷ್ಷು. ಅಟ್ಟೆಗೆ ಒಂದು ಸಲ, ಮೇಲಿನ ಚರ್ಮಕ್ಕೆ ಒಂದು ಸಲ ಸವರಿ ಮುಂದಿನವಳಿಗೆ ದಾಟಿಸಬೇಕು. ಗಾಳಿಯಾಡಿದರೆ ಅಂಟು ಬೇಗ ಒಣಗುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಅವರ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯನ್ನು ಎಲ್ಲರೂ ಗುಂಡಕ್ಕ ಎನ್ನುತ್ತಿದ್ದರು. ಅತ್ತೆಯ ಕೈ ಸುಟ್ಟ ಸುದ್ದಿ ಕೇಳಿ ನೋಡಲು ಬಂದ ಗುಂಡಕ್ಕ, ತಾವು ಚಪ್ಪಲಿ ಕಳಚಿಹೋದದ್ದೂ ತಿಳಿಯದೆ ಅರ್ಧ ಬೀದಿ ಬರಿಗಾಲಲ್ಲಿ ನಡೆದ ಕತೆ ಹೇಳಿದರು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಬೆಂಚಿನಲ್ಲಿ ಇನ್ನೂ ಯಾರಿಗೆಲ್ಲ ಹೀಗಾಗಿದೆಯೆಂದು ಲೆಕ್ಕ ಹಾಕತೊಡಗಿದರು. ಎಣಿಕೆ ಇಪ್ಪತ್ತು ದಾಟಿದಾಗ ನಗು ನಿಂತಿತು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಅಂಟಿನಲ್ಲಿ ಏನಿತ್ತು ಎಂಬುದು. ನರ ಸಾಯುತ್ತಿದೆ, ಯಾವುದರಿಂದ ಎಂದು ತಿಳಿದರೆ ಏನಾದರೂ ಮಾಡಬಹುದು ಎಂದರು. ಅತ್ತೆ ಕಾರ್ಖಾನೆಯ ಆಫೀಸಿಗೆ ಹೋಗಿ ವಿಚಾರಿಸಿದರು. ಅದು ಕಂಪನಿಯ ಗುಟ್ಟು, ಹೊರಗೆ ಹೇಳುವಂತಿಲ್ಲ ಎಂಬ ಉತ್ತರ ಬಂತು. ಮುಂದಿನ ವಾರ ಕೆಲಸವೂ ಹೋಯಿತು.

"ನನ್ನ ಮೈಯೊಳಗೆ ಹೋಗಿ ಕೂತಿರೋದು ನನಗೇ ಗುಟ್ಟಂತೆ," ಎಂದರು ಅತ್ತೆ ಮನೆಗೆ ಬಂದು. ಕೇಸು ಹುಟ್ಟಿದ್ದು ಆ ಮಾತಿನಿಂದ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವಕೀಲಮ್ಮನ ಆಫೀಸು. ಕುರ್ಚಿಗಳ ಮೇಲೆಲ್ಲ ಫೈಲುಗಳು. ಅವರೇ ಎತ್ತಿ ನೆಲಕ್ಕಿಟ್ಟು ನಮಗೆ ಜಾಗ ಮಾಡಿಕೊಟ್ಟರು. ಒಬ್ಬೊಬ್ಬರೇ ದಾವೆ ಹೂಡಿದರೆ ಕಂಪನಿ ಒಬ್ಬೊಬ್ಬರನ್ನಾಗಿಯೇ ಮುಗಿಸಿಹಾಕುತ್ತದೆ, ಎಲ್ಲರ ಪರವಾಗಿ ಒಬ್ಬರು ನಿಂತು ಒಂದೇ ದಾವೆ ಹೂಡುವ ದಾರಿಯಿದೆ ಎಂದು ಬಿಡಿಸಿ ಹೇಳಿದರು. ನಿಲ್ಲುವವರು ಯಾರು ಎಂದಾಗ ಗುಂಡಕ್ಕ ಅತ್ತೆಯನ್ನು ಮೊಣಕೈಯಿಂದ ತಿವಿದರು.

"ಬೇಗ ಮುಗಿಯೋದಲ್ಲ ಇದು," ಎಂದರು ವಕೀಲಮ್ಮ. "ಏಳು ವರ್ಷ ಆಗಬಹುದು, ಹತ್ತೂ ಆಗಬಹುದು. ಕಾಯೋದು ಕಂಪನಿಗೆ ಕಷ್ಟ ಅಲ್ಲ. ಅದಕ್ಕೆ ವಯಸ್ಸಾಗಲ್ಲ."

"ನನಗೀಗ ಐವತ್ತೆರಡು," ಎಂದರು ಅತ್ತೆ. "ಯಾರು ಮೊದಲು ಸುಸ್ತಾಗ್ತಾರೋ ನೋಡೇ ಬಿಡೋಣ."

ಸಂಬಳದ ಪುಸ್ತಕದ ಪ್ರಕಾರ ಆ ಬೆಂಚುಗಳಲ್ಲಿ ದುಡಿದವರು ಮುನ್ನೂರ ಹನ್ನೆರಡು ಜನ. ಮೊದಲ ಎರಡು ವರ್ಷ ಕೋರ್ಟಿನಲ್ಲಿ ಅಂಟಿನ ಮಾತೇ ಬರಲಿಲ್ಲ. ಇವರೆಲ್ಲ ಒಂದು ಗುಂಪು ಹೌದೋ ಅಲ್ಲವೋ ಎಂಬುದೇ ವಾದ. ಕಂಪನಿಯ ವಕೀಲನದು ಬೆಣ್ಣೆಯಂಥ ಮಾತು. ಒಬ್ಬಳಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೊಬ್ಬಳಿಗೆ ವಯಸ್ಸಾಗಿದೆ, ಮತ್ತೊಬ್ಬಳು ದುಡಿದದ್ದೇ ಎರಡು ವರ್ಷ, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ ಎಂದು ಆತ ಕೇಳುತ್ತಿದ್ದ. ಅತ್ತೆಯನ್ನು ಕಟಕಟೆ ಹತ್ತಿಸಿ, ಚಿಕ್ಕಂದಿನಲ್ಲಿ ಜ್ವರ ಬಂದಿತ್ತೇ, ತಂದೆ ಕುಡಿಯುತ್ತಿದ್ದರೇ ಎಂದೆಲ್ಲ ಅರ್ಧ ದಿನ ಜಾಲಾಡಿದ. ಕೊನೆಗೆ, ನಿಮ್ಮದು ಬೆರಳು, ನಿಮ್ಮ ಗೆಳತಿಯದು ಪಾದ, ಎರಡೂ ಒಂದೇ ಕಾಯಿಲೆಯೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದ.

"ಡಬ್ಬಿ ಒಂದೇ ಇತ್ತಲ್ಲ," ಎಂದರು ಅತ್ತೆ.

ನ್ಯಾಯಾಧೀಶರು ಅದನ್ನು ಹಾಗೆಯೇ ಬರೆದುಕೊಂಡರು. ಗುಂಪು ಹೌದು ಎಂದು ಆದೇಶವಾಯಿತು. ವಾರ ಕಳೆಯುವುದರೊಳಗೆ ಕಂಪನಿ ಮೇಲ್ಮನವಿ ಹಾಕಿತು. ಮೇಲಿನ ಕೋರ್ಟು ತೀರ್ಮಾನಿಸುವ ತನಕ ಕೆಳಗೆ ಎಲ್ಲವೂ ಸ್ತಬ್ಧ. ಇಪ್ಪತ್ತೆರಡು ತಿಂಗಳು ಹಾಗೆಯೇ ಹೋಯಿತು. ಅಷ್ಟರಲ್ಲಿ ನನಗೆ ಮಗಳು ಹುಟ್ಟಿ, ನಡೆಯಲು ಕಲಿತು, ಮನೆಯೆಲ್ಲ ಓಡಾಡತೊಡಗಿದ್ದಳು. ಅತ್ತೆ ಮೊಮ್ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಕೈ ಜಾರಿದರೆ ತಿಳಿಯುವುದಿಲ್ಲವೆಂಬ ಹೆದರಿಕೆ. ನೆಲದ ಮೇಲೆ ಕಾಲು ಚಾಚಿ ಕೂತು, ಅವಳಾಗಿಯೇ ಬಂದು ಮಡಿಲು ಹತ್ತುವ ತನಕ ಕಾಯುತ್ತಿದ್ದರು.

ಮೇಲಿನ ಕೋರ್ಟಿನಲ್ಲೂ ಗೆದ್ದೆವು. ಈಗ ಗುಂಪಿನ ಪ್ರತಿಯೊಬ್ಬರಿಗೂ ನೋಟಿಸು ತಲುಪಬೇಕಿತ್ತು. ತಮಗೆ ತಿಳಿಯದೆ ಯಾರ ಹಕ್ಕೂ ತೀರ್ಮಾನವಾಗಬಾರದು, ಬೇಡವೆನ್ನುವವರು ಹೊರಗುಳಿಯುವಂತಿರಬೇಕು. ನ್ಯಾಯವಾದ ಮಾತೇ. ಆದರೆ ಬಾಡಿಗೆ ಕೋಣೆಗಳಲ್ಲಿ ಬದುಕುವವರ ವಿಳಾಸ ಎಷ್ಟು ದಿನ ನಿಂತೀತು? ನೂರಕ್ಕೂ ಹೆಚ್ಚು ಲಕೋಟೆಗಳು ವಾಪಸ್ಸು ಬಂದವು. ಇವರಿಗೆ ಕೇಸಿನಲ್ಲಿ ಆಸಕ್ತಿಯೇ ಇಲ್ಲ, ಪಟ್ಟಿಯಿಂದ ತೆಗೆಯಿರಿ ಎಂದು ಕಂಪನಿ ಅರ್ಜಿ ಹಾಕಿತು. ಅತ್ತೆ ಆ ಲಕೋಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬೀದಿಗಿಳಿದರು. ಭಾನುವಾರ ಬಂತೆಂದರೆ ನಮ್ಮಿಬ್ಬರಿಗೂ ಅದೇ ಕೆಲಸ. ಅವರ ಪಾದಗಳಿಗೂ ಅಷ್ಟರಲ್ಲಿ ಜೋಮು ಏರಿತ್ತು. ಮೆಟ್ಟಿಲನ್ನು ಕಣ್ಣಲ್ಲಿ ನೋಡಿಕೊಂಡೇ ಹತ್ತಬೇಕು. ನಾಲ್ಕನೆಯ ಮಹಡಿಗೆ ಹೋಗಿ ಬಾಗಿಲು ತಟ್ಟಿದರೆ, ಅವರು ಮನೆ ಬದಲಾಯಿಸಿ ಮೂರು ವರ್ಷವಾಯಿತು ಎನ್ನುವರು. ಅತ್ತೆ ಹೊಸ ವಿಳಾಸ ಕೇಳಿ ಬರೆಸಿಕೊಂಡು, ಅಷ್ಟೇ ನಿಧಾನವಾಗಿ ಇಳಿಯುವರು. ಒಂದೂವರೆ ವರ್ಷದಲ್ಲಿ ಎಂಬತ್ತೇಳು ಜನರನ್ನು ಹುಡುಕಿ ಹಿಡಿದೆವು.

ಹಾಗೆ ತಟ್ಟಿದ ಒಂದು ಬಾಗಿಲನ್ನು ತೆರೆದವರು ಬೀಗದಣ್ಣ. ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು ತೂಗುತ್ತಿದ್ದುದರಿಂದ ಆ ಹೆಸರು. ನಾವು ಹುಡುಕಿಕೊಂಡು ಹೋದದ್ದು ಅವರ ತಂಗಿಯನ್ನು. ತಂಗಿಯ ಹೆಸರಿನ ಲಕೋಟೆಯನ್ನು ಅವರೇ ಒಡೆದು ಓದಿದರು. ಮತ್ತೊಮ್ಮೆ ಓದಿದರು. ಅಲ್ಲಿಯೇ ಹೊಸ್ತಿಲ ಮೇಲೆ ಕೂತರು.

"ಡಬ್ಬಿ ಮೇಲೆ ಚೀಟಿ ಇರ್ತಿತ್ತಮ್ಮ," ಎಂದರು. "ತಲೆಬುರುಡೆ ಚಿತ್ರ ಹಾಕಿ, ಕೈಗೆ ತಾಗಬಾರದು, ಕಿಟಕಿ ತೆಗೆದಿಡಬೇಕು ಅಂತ ಬರೆದಿರ್ತಿತ್ತು. ಒಳಗೆ ಕಳಿಸೋಕೆ ಮುಂಚೆ ಕೆರೆದು ತೆಗೀಬೇಕು ಅಂತ ಮೇಲಿನವರು ಹೇಳಿದ್ರು. ನಾನೇ ಕೆರೀತಿದ್ದೆ. ನನ್ನ ತಂಗಿ ಒಳಗೆ ಕೂತು ಅದನ್ನೇ ಹಚ್ತಿದ್ಲು."

ಅತ್ತೆ ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ. ಇದನ್ನು ಕೋರ್ಟಿನಲ್ಲಿ ಹೇಳುತ್ತೀರಾ ಎಂದಷ್ಟೇ ಕೇಳಿದರು. ಹೇಳುತ್ತೇನೆ, ಆದರೆ ನನ್ನ ಎದೆ ಸರಿಯಿಲ್ಲ, ಬೇಗ ಕರೆಸಿ ಎಂದರು ಬೀಗದಣ್ಣ.

ವಿಚಾರಣೆ ಶುರುವಾಗುವ ಮೊದಲೇ ಈ ಸಾಕ್ಷಿಯನ್ನು ಬರೆಸಿಕೊಳ್ಳಬೇಕೆಂದು ವಕೀಲಮ್ಮ ಅರ್ಜಿ ಹಾಕಿದರು. ಕಂಪನಿ ಆರು ಸಲ ವಾಯಿದೆ ಕೇಳಿತು. ಒಮ್ಮೆ ಅವರ ವಕೀಲನಿಗೆ ಹಲ್ಲುನೋವು, ಒಮ್ಮೆ ಬೇರೆ ಊರಿನಲ್ಲಿ ಕೆಲಸ, ಒಮ್ಮೆ ಕಾಗದ ಸಿಕ್ಕಿಲ್ಲ. ಏಳನೆಯ ಸಲ ಅತ್ತೆ ಬೀಗದಣ್ಣನನ್ನು ಗಾಲಿಕುರ್ಚಿಯಲ್ಲಿ ಕರೆತಂದು ನ್ಯಾಯಾಧೀಶರ ಎದುರಿಗೇ ಕೂರಿಸಿದರು. ಅವರ ಉಸಿರಿನ ಗೊರಗೊರ ಸದ್ದು ಇಡೀ ಕೋಣೆಗೆ ಕೇಳುತ್ತಿತ್ತು. ಅಂದೇ ಹೇಳಿಕೆ ದಾಖಲಾಯಿತು. ಐದು ತಿಂಗಳಿಗೆ ಅವರು ತೀರಿಕೊಂಡರು.

ಆಮೇಲೆ ಖರೀದಿಯ ಕಾಗದ ಕೊಡಿ ಎಂದರೆ ಕಂಪನಿ ಒಂದು ಲಾರಿ ತುಂಬ ಪೆಟ್ಟಿಗೆ ಕಳಿಸಿತು. ಕ್ಯಾಂಟೀನಿನ ತರಕಾರಿ ಚೀಟಿಯಿಂದ ಹಿಡಿದು ದೀಪ ಬದಲಾಯಿಸಿದ ರಸೀದಿಯವರೆಗೆ ಎಲ್ಲವೂ ಇತ್ತು. ವಕೀಲಮ್ಮ ಮತ್ತು ಅವರ ಗುಮಾಸ್ತೆ ಹತ್ತು ತಿಂಗಳು ಆ ಧೂಳು ಕುಡಿದು ಅಂಟಿನ ಹದಿನಾಲ್ಕು ಬಿಲ್ಲು ಹೆಕ್ಕಿದರು. ಅಷ್ಟು ಹೊತ್ತಿಗೆ ನ್ಯಾಯಾಧೀಶರಿಗೆ ವರ್ಗವಾಯಿತು. ಹೊಸಬರು ಮೊದಲ ಪುಟದಿಂದ ಓದಬೇಕೆಂದು ಮತ್ತೆ ಎಂಟು ತಿಂಗಳು.

ಒಂಬತ್ತನೆಯ ವರ್ಷ ಕಂಪನಿ ರಾಜಿಗೆ ಬಂತು. ಎಲ್ಲರಿಗೂ ಪರಿಹಾರ ಕೊಡುತ್ತೇವೆ. ಆದರೆ ತಪ್ಪು ನಮ್ಮದೆಂದು ಒಪ್ಪುವುದಿಲ್ಲ. ಬೀಗದಣ್ಣನ ಹೇಳಿಕೆ, ಅಂಟಿನ ಬಿಲ್ಲು, ಎಲ್ಲಕ್ಕೂ ಮೊಹರು ಬೀಳಬೇಕು, ಯಾರೂ ಎಲ್ಲೂ ಬಾಯಿ ಬಿಡಬಾರದು.

ಗುಂಡಕ್ಕ ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಒಪ್ಪಿಕೊಳ್ಳೋಣ ಎಂದರು. ತನಗೆ ಈಗ ಬಚ್ಚಲಿಗೆ ಹೋಗಲೂ ಮಗಳು ಬೇಕು, ಗೆಲುವು ನೋಡುವಷ್ಟು ಆಯಸ್ಸು ಇದೆಯೋ ಇಲ್ಲವೋ ಎಂದರು. ನಿಜ ಹೇಳಬೇಕೆಂದರೆ ನಾನೂ ಅವರ ಪಕ್ಷವೇ. ಬೆಳಿಗ್ಗೆ ಎದ್ದು ಅತ್ತೆಯ ರವಿಕೆಯ ಗುಂಡಿ ಹಾಕಿ, ಕೂದಲು ಬಾಚಿ, ಕೋರ್ಟಿಗೆ ಕರೆದೊಯ್ದು ನನಗೂ ಸಾಕಾಗಿತ್ತು. ಸಾಕು ಬಿಡಿ ಅತ್ತೆ ಎಂದು ಬಾಯಿ ಬಿಟ್ಟು ಹೇಳಿದೆ. ವಕೀಲಮ್ಮ ಕೂಡ, ಗೆದ್ದೇ ಗೆಲ್ಲುತ್ತೇವೆಂದು ಮಾತು ಕೊಡಲಾರೆ ಎಂದಿದ್ದರು.

"ಆ ಅಂಟು ಇವತ್ತೂ ಬೇರೆ ಯಾರೋ ಹಚ್ತಿದಾರೆ," ಎಂದರು ಅತ್ತೆ. "ನಾನು ಬಾಯಿ ಮುಚ್ಚಿಕೊಂಡ್ರೆ ಚೀಟಿ ಕೆರೆಯೋ ಕೆಲಸ ನಂದಾಗುತ್ತೆ."

ಗುಂಡಕ್ಕ ಕೋಲೂರಿಕೊಂಡು ಎದ್ದು ಹೋದರು.

ಇಂಥ ಕೇಸಿನಲ್ಲಿ ರಾಜಿಯಾದರೂ ಎಲ್ಲರಿಗೂ ಒಳ್ಳೆಯದೇ ಎಂದು ನ್ಯಾಯಾಧೀಶರು ಒಪ್ಪಬೇಕು. ಅದಕ್ಕೊಂದು ದಿನ ಗೊತ್ತಾಯಿತು. ಗುಂಡಕ್ಕ ಎದ್ದು ತಮಗೆ ರಾಜಿ ಬೇಕೆಂದರು. ಅತ್ತೆ ಎದ್ದು ಬೇಡವೆಂದರು. ಒಂಬತ್ತು ವರ್ಷ ಕೋರ್ಟಿನ ಒಂದೇ ಬೆಂಚಿನಲ್ಲಿ ಕೂತವರು ಅಂದು ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಇನ್ನೂ ಎಷ್ಟು ವರ್ಷ ಎಳೆಯುತ್ತೀರಮ್ಮ ಎಂದು ನ್ಯಾಯಾಧೀಶರು ಅತ್ತೆಯನ್ನು ಕೇಳಿದರು. ಎಳೆದದ್ದು ನಾನಲ್ಲ ಸ್ವಾಮಿ, ಒಂದು ವಾಯಿದೆಯನ್ನೂ ನಾನು ಕೇಳಿಲ್ಲ, ಒಂದು ದಿನವೂ ತಪ್ಪಿಸಿಕೊಂಡಿಲ್ಲ, ಕೋರ್ಟಿನ ಪುಸ್ತಕ ತೆಗೆಸಿ ನೋಡಿ ಎಂದರು ಅತ್ತೆ. ನ್ಯಾಯಾಧೀಶರು ನಿಜಕ್ಕೂ ತೆಗೆಸಿ ನೋಡಿದರು. ಮೂರು ವಾರದ ನಂತರ, ಜನರ ಆರೋಗ್ಯದ ವಿಷಯಕ್ಕೆ ಮೊಹರು ಹಾಕುವ ರಾಜಿಯನ್ನು ಒಪ್ಪಲಾರೆ ಎಂದು ಆದೇಶ ಕೊಟ್ಟರು. ಗುಂಡಕ್ಕ ಒಂದು ವರ್ಷ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಆದರೆ ಸಾಕ್ಷಿ ಹೇಳುವ ದಿನ ಮಗಳ ಹೆಗಲ ಮೇಲೆ ಕೈಯಿಟ್ಟು ಬಂದರು, ಅತ್ತೆಯ ಕಡೆ ನೋಡದೆ ಕಟಕಟೆ ಹತ್ತಿದರು, ಕಂಪನಿಯ ವಕೀಲನ ಪಾಟೀಸವಾಲಿಗೆ ಎಳ್ಳಷ್ಟೂ ಜಗ್ಗಲಿಲ್ಲ. ಇಳಿದ ಮೇಲೆ ಅತ್ತೆಯ ಪಕ್ಕಕ್ಕೇ ಬಂದು, ಸರಿದು ಕೂರಲು ಹೇಳಿ ಕೂತರು.

ಹತ್ತನೆಯ ವರ್ಷದ ಕೊನೆಗೆ ತೀರ್ಪು ಬಂತು. ಅಂಟಿನಲ್ಲಿ ಇದ್ದದ್ದೇನು, ಅದು ಗೊತ್ತಿದ್ದೂ ಬಚ್ಚಿಟ್ಟವರು ಯಾರು ಎಂದು ಕೋರ್ಟು ಬಿಚ್ಚಿ ಬರೆಯಿತು. ಕಂಪನಿ ಮತ್ತೆ ಮೇಲ್ಮನವಿ ಹಾಕಿ ಮತ್ತೆರಡು ವರ್ಷ ತಿಂದು, ಅಲ್ಲೂ ಸೋತಿತು. ಡಾಕ್ಟರು ತೀರ್ಪಿನ ಪುಟ ಓದಿ, ಇದು ಮೊದಲೇ ಗೊತ್ತಿದ್ದರೆ ನಿಮ್ಮ ಪಾದವನ್ನಾದರೂ ಉಳಿಸಬಹುದಿತ್ತು ಎಂದರು. ಅಂದು ಅತ್ತೆ ಊಟ ಮಾಡಲಿಲ್ಲ. ಮಾರನೆಯ ದಿನ ಆ ಪುಟದ ಇನ್ನೂರು ಪ್ರತಿ ಮಾಡಿಸಿ, ಕಾರ್ಖಾನೆಯ ಗೇಟಿನಲ್ಲಿ ಪಾಳಿ ಮುಗಿಸಿ ಬರುವವರಿಗೆ ಹಂಚಿದರು. ಕಾವಲುಗಾರ ತಡೆಯಲು ಬಂದ. ಕೋರ್ಟಿನ ಕಾಗದ ಕಣಪ್ಪ, ನಿನಗೂ ಒಂದು ತಗೋ ಎಂದು ಅವನ ಕೈಗೂ ಕೊಟ್ಟರು.

ಪರಿಹಾರದ ಕಾಗದಕ್ಕೆ ರುಜು ಹಾಕಲು ಎಲ್ಲರನ್ನೂ ಕೋರ್ಟಿನ ಆಫೀಸಿಗೆ ಕರೆಸಿದರು. ಸಾಲು ಮೆಟ್ಟಿಲಿನವರೆಗೂ ಇತ್ತು. ಅತ್ತೆ ಪೆನ್ನನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಮೊದಲ ಅಕ್ಷರ ತಿದ್ದತೊಡಗಿದರು. ಪೆನ್ನು ಜಾರಿ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಗುಮಾಸ್ತ ಗಡಿಯಾರ ನೋಡಿ, ಹೆಬ್ಬೆಟ್ಟು ಒತ್ತಿಬಿಡಿ ಸಾಕು ಎಂದು ಶಾಯಿಯ ಡಬ್ಬಿ ಮುಂದಕ್ಕೆ ತಳ್ಳಿದ.

"ನನಗೆ ಬರೆಯೋಕೆ ಬರುತ್ತೆ," ಎಂದರು ಅತ್ತೆ. "ಹನ್ನೆರಡು ವರ್ಷ ನಾನು ಕಾದಿದೀನಿ. ನೀನು ಕಾಲು ಗಂಟೆ ಕಾಯಿ."

ಹಿಂದೆ ನಿಂತಿದ್ದ ಗುಂಡಕ್ಕ ಮಗಳಿಗೆ ಹೇಳಿ ಒಂದು ಸ್ಟೂಲು ತರಿಸಿಕೊಂಡು ಕೂತರು. ತನಗೆ ಅರ್ಧ ಗಂಟೆಯಾದರೂ ಬೇಕು, ಮಧ್ಯಾಹ್ನದ ಊಟಕ್ಕೆ ಎದ್ದು ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡು ಎಂದು ಗುಮಾಸ್ತನಿಗೆ ಹೇಳಿದರು. ಅತ್ತೆ ತಲೆಯೆತ್ತದೆ ಎರಡನೆಯ ಅಕ್ಷರಕ್ಕೆ ಕೈ ಹಾಕಿದರು.