ಲೈಟ್ ಹತ್ತಿದರೆ ಗೇರ್‌ಬಾಕ್ಸ್ ಹೋಯಿತು

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎರಡು ಹಳದಿ ದೀಪ ಉರಿಯುತ್ತಿದ್ದವು, ಒಂದು ಎಂಜಿನ್ನಿನದು, ಇನ್ನೊಂದು ಗೇರಿನದು. ಗಾಡಿ ಮೂರನೇ ಗೇರನ್ನು ಕಚ್ಚಿಕೊಂಡು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಅದನ್ನು ಎಳೆಸಿಕೊಂಡು ಬಂದವನನ್ನು ನೋಡಿದ್ದೇ ಪುಟ್ಟಿಯ ಮೈಯೆಲ್ಲ ಉರಿದುಹೋಯಿತು. ಗ್ಯಾರೇಜಿಗೆ ಒಡತಿಯಾದರೂ ಬೀದಿಗೆಲ್ಲ ಅವಳಿನ್ನೂ ಪುಟ್ಟಿಯೇ. ಬಂದವನು ಅವಳ ಅಪ್ಪನ ಹಳೆಯ ಯಜಮಾನ, ಈಗ ತನ್ನ ಗ್ಯಾರೇಜು ಮುಚ್ಚಿ ಕೂತಿದ್ದವನು.

ಅಬ್ಬಬ್ಬಾ, ಆ ದಿನವನ್ನು ಮರೆಯುವುದುಂಟೇ! ಇಂಥದೇ ದೀಪ ಹತ್ತಿದ್ದ ಒಂದು ಟ್ಯಾಕ್ಸಿ ಅವನ ಗ್ಯಾರೇಜಿಗೆ ಬಂದಿತ್ತು. "ಗೇರ್‌ಬಾಕ್ಸ್ ಚೆನ್ನಾಗಿದೆ, ಅದರ ವೈರಿನ ಪ್ಲಗ್ ಸಡಿಲ ಅಷ್ಟೇ" ಎಂದು ಅಪ್ಪ ಗಿರಾಕಿಗೆ ಇದ್ದದ್ದು ಇದ್ದಹಾಗೆ ಹೇಳಿಬಿಟ್ಟಿದ್ದ. ಹೊಸ ಗೇರ್‌ಬಾಕ್ಸ್ ತಗುಲಿಸಲು ಹೊಂಚುಹಾಕಿದ್ದ ಯಜಮಾನ, "ಲೈಟ್ ಹತ್ತಿದ್ರೆ ಗೇರ್‌ಬಾಕ್ಸ್ ಹೋಯ್ತು ಅಂತ್ಲೇ ಅರ್ಥ. ಈ ದಂಡಪಿಂಡಕ್ಕೇನ್ ಗೊತ್ತು?" ಎಂದು ನಾಲ್ಕು ಜನರೆದುರು ಅಪ್ಪನ ಮಾನ ಕಳೆದು, ಟೂಲ್ ಪೆಟ್ಟಿಗೆಯನ್ನು ಬೀದಿಗೆಸೆದಿದ್ದ. ಅಂದಿನಿಂದ ಅಪ್ಪ ಸ್ಪ್ಯಾನರ್ ಮುಟ್ಟಿಲ್ಲ. ಮಗಳ ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ತುಟಿ ಪಿಟಕ್ಕೆನ್ನದೆ ಕೂತಿರುತ್ತಾನೆ.

ಯಜಮಾನ ಆ ಸ್ಟೂಲಿನ ಕಡೆ ಒಮ್ಮೆ ನೋಡಿ, ಬಿಳಿಚಿಕೊಂಡು, ಏನೂ ಅರಿಯದವನಂತೆ ನಿಂತ. "ಬ್ಯಾಟರಿ ವೈರ್ ಕಿತ್ತು ಮತ್ತೆ ಸಿಕ್ಸಿದೆ ಕಣಮ್ಮ. ಲೈಟ್ ಆರ್ತು. ಒಂದು ಸುತ್ತು ಹೋಗೋಷ್ಟ್ರಲ್ಲಿ ಮತ್ತೆ ಬಂತು."

"ಲೈಟ್ ಆರಿಸಿದ್ರೆ ರೋಗ ಹೋಗುತ್ತಾ?"

ಪುಟ್ಟಿ ಸ್ಕ್ಯಾನರ್ ಸಿಕ್ಕಿಸಿದಳು. ಗೇರಿನ ಸೆನ್ಸರಿನಿಂದ ಸಿಗ್ನಲ್ ಬರುತ್ತಿಲ್ಲ ಎಂದು ತೋರಿಸಿತು. ಗಾಡಿಯನ್ನು ಮೇಲೆತ್ತಿಸಿ, ಅದರ ಕೆಳಗೆ ಹೋಗಿ, ಆ ಸೆನ್ಸರಿನ ಪ್ಲಗ್ ಅಲುಗಿಸಿದಳು. ಕೈಯಲ್ಲಿದ್ದ ಸ್ಕ್ಯಾನರಿನ ಪರದೆಯ ಮೇಲೆ ಸಿಗ್ನಲ್ ಬಂತು, ಹೋಯಿತು, ಮತ್ತೆ ಬಂತು. ದೇವರಿದ್ದಾನಪ್ಪಾ! ಅದೇ ಸಡಿಲ ಪ್ಲಗ್ಗು. ಒತ್ತಿ ಕೂರಿಸಿದ್ದರೆ ಮುಗಿಯುತ್ತಿತ್ತು. ಅವಳು ಒತ್ತಲಿಲ್ಲ.

ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ, ಕಾಯುತ್ತಿದ್ದ ಗಿರಾಕಿಗಳಿಗೂ ಕೇಳುವಂತೆ ಹೇಳಿದಳು: "ಗೇರ್‌ಬಾಕ್ಸ್ ಹೋಗಿದೆ ಯಜಮಾನ್ರೇ. ಹೊಸದೇ ಹಾಕ್ಬೇಕು."

ಯಜಮಾನನ ಮುಖ ಇಂಗು ತಿಂದ ಮಂಗನಂತಾಯಿತು. "ಹಾಗೆ ಏಕ್ದಂ ಹೇಳಿಬಿಟ್ರೆ ಹೇಗಮ್ಮ? ಬೇರೆ ಏನಾದ್ರೂ ಇರ್ಬಹುದು, ಸರಿಯಾಗ್ ನೋಡು."

"ಲೈಟ್ ಹತ್ತಿದ್ರೆ ಗೇರ್‌ಬಾಕ್ಸ್ ಹೋಯ್ತು ಅಂತ್ಲೇ ಅರ್ಥ. ನೀವೇ ಹೇಳಿದ್ದಲ್ವಾ?"

"ಅದು... ಆವಾಗ..."

"ಆವಾಗ ಏನು, ಸುಳ್ಳಾ? ಹಾಗಾದ್ರೆ ಸುಳ್ಳು ಅಂತ ಹೇಳಿ, ಇನ್ನೊಂದ್ಸಲ ನೋಡ್ತೀನಿ. ಇಲ್ಲಾಂದ್ರೆ ಈಗ್ಲೇ ಗೇರ್‌ಬಾಕ್ಸ್ ಬಿಚ್ಚಿ ಇಳಿಸ್ತೀನಿ."

ಗಿರಾಕಿಗಳು ಫೋನ್ ಬಿಟ್ಟು ತಲೆಯೆತ್ತಿದರು. ಯಜಮಾನ ಹಣೆ ಒರೆಸಿಕೊಂಡ, ಕೊನೆಗೆ ನೆಲ ನೋಡಿಕೊಂಡು ಗೊಣಗಿದ. "ಪ್ಲಗ್ ಸಡಿಲ ಆದ್ರೂ ಲೈಟ್ ಹತ್ತುತ್ತೆ. ಅವತ್ತು ನಿಮ್ಮಪ್ಪ ಹೇಳಿದ್ದೇ ಸರಿ. ನಾನೇ ಸುಳ್ಳು ಹೇಳ್ದೆ."

ಪುಟ್ಟಿಯ ಹೊಟ್ಟೆ ತಣ್ಣಗಾಯಿತು. ಇಷ್ಟು ಸಾಕು ಎಂದುಕೊಂಡು ಕಾರಿನ ಕಡೆ ತಿರುಗಿದಳು.

ಹಿಂದೆ ಸ್ಟೂಲ್ ಕಿರ್ರೆಂದಿತು. ಬೀದಿಯ ತುದಿಯಲ್ಲಿ ಬರುವ ಗಾಡಿಯ ಸಣ್ಣ ಕಟಕಟಕ್ಕೂ ತಲೆಯೆತ್ತುವ ಅಪ್ಪ ಎದ್ದು ಬಂದು, ಯಜಮಾನನೆದುರು ನಿಂತು, ಕಿವಿಯ ಹಿಂದೆ ಕೈಯಿಟ್ಟುಕೊಂಡ.

"ಕೇಳಿಸ್ಲಿಲ್ಲ ಯಜಮಾನ್ರೇ," ಎಂದ. "ಇನ್ನೊಂದ್ಸಲ, ಸ್ವಲ್ಪ ಜೋರಾಗಿ ಹೇಳಿ."