ಸುಣ್ಣ ಬಳಿದ ಕಲ್ಲುಗಳು

"ಕಣ್ಣಲ್ಲಿ ಏನಿಟ್ಕೊಂಡಿದ್ದೀಯಲೇ ಸೂಳೆಮಗನೆ? ಕಲ್ಲಾಚೆ ಅಷ್ಟು ರಾಗಿ ಚೆಲ್ಲೈತೆ. ನಿಮ್ಮಪ್ಪ ಬಂದು ಗುಡಿಸ್ತಾನಾ?"

ಗೋವಿಂದರಾಜು ಬೈಕಿನಿಂದ ಇಳಿಯದೆಯೇ ಕೂಗಿದ. ನಂದಗುಡಿ ರಸ್ತೆಯ ಅರ್ಧಭಾಗದಲ್ಲಿ ಅವನ ರಾಗಿ ಒಣಗುತ್ತಿತ್ತು. ಗಾಡಿಗಳು ಹತ್ತದಂತೆ ಸುತ್ತಲೂ ಸುಣ್ಣ ಬಳಿದ ಕಲ್ಲುಗಳ ಸಾಲು. ಗಾಳಿಗೆ ಹಾರಿದ ಕಾಳು ಆಚೆ, ಗಾಡಿ ಓಡಾಡುವ ಅರ್ಧದಲ್ಲಿ ಬಿದ್ದಿತ್ತು.

"ಗಾಡಿ ಜಾಸ್ತಿ ಬತ್ತಾವೆ ಸ್ವಾಮಿ. ಸ್ವಲ್ಪ ಕಮ್ಮಿ ಆಗ್ಲಿ, ಗುಡುಸ್ತೀನಿ," ಎಂದ ಬೈಲಪ್ಪ.

"ಅಷ್ಟೊತ್ಗೆ ಟೈರಿಗೆ ಅಂಟ್ಕೊಂಡು ಬೆಂಗ್ಳೂರು ಸೇರಿರ್ತದೆ. ಗುಡ್ಸಲೇ!"

ಬೈಲಪ್ಪ ಪೊರಕೆ ಹಿಡಿದು ಕಲ್ಲು ದಾಟಿ ಕುಕ್ಕರಗಾಲಲ್ಲಿ ಕೂತ. ಅವನ ಹೆಂಡತಿ ಮುತ್ತಮ್ಮ ಒಳಗಡೆ ಕಾಲಿನಿಂದ ರಾಗಿ ಕೆದಕುತ್ತಿದ್ದಳು. ಗೋವಿಂದರಾಜು ತೋಟದ ಕಡೆ ಹೋದ.

ಸ್ವಲ್ಪ ಹೊತ್ತಿಗೆ ಒಂದು ಕಾರು ಕಲ್ಲುಗಳನ್ನು ಬಹಳ ಜೋಪಾನವಾಗಿ ತಪ್ಪಿಸಿಕೊಂಡು ಬಂತು. ಒಂದು ಕಲ್ಲೂ ಅಲುಗಲಿಲ್ಲ. ಬೈಲಪ್ಪ ಚರಂಡಿಯ ಹತ್ತಿರ ಹೋಗಿ ಬಿದ್ದ.

ಕಾರು ಓಡಿಸುತ್ತಿದ್ದ ಭಾನುಪ್ರಕಾಶ್ ತಪ್ಪಿಸಿಕೊಂಡು ಹೋಗಲಿಲ್ಲ. ತನ್ನ ಅಂಗಿ ಬಿಚ್ಚಿ ಬೈಲಪ್ಪನ ತೊಡೆಗೆ ಬಿಗಿದ. ಅವನನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ಜೊತೆಗೆ ಹತ್ತಿದ ಮುತ್ತಮ್ಮನಿಗೆ ಹೊಸಕೋಟೆಯ ಆಸ್ಪತ್ರೆ ಮುಟ್ಟುವವರೆಗೂ "ಸಾರಿ ಅಮ್ಮ, ಸಾರಿ ಅಮ್ಮ" ಎನ್ನುತ್ತಲೇ ಇದ್ದ. ಬಲಗಾಲು ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು.

ಸಂಜೆ ಠಾಣೆಯಲ್ಲಿ ಗೋವಿಂದರಾಜುವಿಗೆ ಕುರ್ಚಿ ಹಾಕಿದ್ದರು. ಮುತ್ತಮ್ಮ ಬಾಗಿಲ ಪಕ್ಕ ನಿಂತಿದ್ದಳು. ಪೇದೆ ಅರುಣಾ ತನಗೆ ಬಂದ ಟೀಯನ್ನು ಸದ್ದಿಲ್ಲದೆ ಅವಳ ಕೈಗಿಟ್ಟಳು.

"ಕಲ್ಲು ಕಂಡ್ತೇನಪ್ಪಾ?" ಎಸ್‌ಐ ಚಲಪತಿ ಭಾನುಪ್ರಕಾಶನನ್ನು ಕೇಳಿದ.

"ಕಂಡ್ತು ಸಾರ್."

"ರಾಗಿ?"

"ಕಂಡ್ತು."

"ಮನುಷ್ಯ?"

ಅವನು ಮುಖ ಮುಚ್ಚಿಕೊಂಡ. "ಎದುರಿಗೆ ಗಾಡಿ ಬರುತ್ತಾ ಅಂತ ನೋಡ್ದೆ. ಕಲ್ಲಿಗೆ ತಗುಲುತ್ತಾ ಅಂತ ನೋಡ್ದೆ. ಅಲ್ಲಿ ಒಬ್ರು ಕೂತಿರ್ತಾರೆ ಅಂತ ತಲೆಗೇ ಬರ್ಲಿಲ್ಲ ಸಾರ್. ಕಣ್ಮುಂದೇನೇ ಇದ್ರು. ಕಾಣ್ಲೇ ಇಲ್ಲ."

"ನಾನಂತೂ ಅವನ್ನ ಕೂಲಿಗೆ ಕರ್ದಿರ್ಲಿಲ್ಲ," ಎಂದ ಗೋವಿಂದರಾಜು. "ಕುಡ್ಕೊಂಡು ರೋಡಲ್ಲಿ ಕೂತ್ರೆ ನಾನೇನ್ ಮಾಡ್ಲಿ?"

"ನಿನ್ ಬಾಯ್ಗೆ ಹುಳ ಬೀಳಾ! ನೀನೇ ಅಲ್ವಾ ಗುಡ್ಸಲೇ ಅಂದಿದ್ದು? ನನ್ ಗಂಡನ ಕಾಲು ಹೋಯ್ತಲ್ಲೋ ನಿನ್ ರಾಗಿಗೆ!"

"ಏಯ್, ಬಾಯ್ಮುಚ್ಚು. ರೋಡೇನು ನಿಮ್ಮಪ್ಪಂದಾ ಕೂತ್ಕೊಳ್ಳೋಕೆ?" ಚಲಪತಿ ಮೇಜು ಗುದ್ದಿದ.

"ಸಾರ್, ರಾಗಿನೂ ರೋಡಲ್ಲೇ..." ಎಂದ ಭಾನುಪ್ರಕಾಶ್.

"ನೀನು ಸುಮ್ನಿರಪ್ಪ. ನಿನ್ನ ಉಳಿಸೋಕೇ ನೋಡ್ತಿರೋದು."

ಕುಡಿದ ಅಮಲಿನಲ್ಲಿ ರಸ್ತೆಯಲ್ಲಿ ಕುಳಿತಿದ್ದ ವ್ಯಕ್ತಿ ಎಂದು ಚಲಪತಿ ಹೇಳಿದ, ಪಕ್ಕದವನು ಬರೆದುಕೊಂಡ. ಅರುಣಾ ಕಿಟಕಿಯ ಕಡೆ ತಿರುಗಿ ನಿಂತಳು.

ಹೊರಗೆ ಬಂದ ಮೇಲೆ ಗೋವಿಂದರಾಜು ಬೈಕಿಗೆ ಕಿಕ್ ಹೊಡೆಯುತ್ತ ಮುತ್ತಮ್ಮನಿಗೆ ಹೇಳಿದ. "ಬೆಳಗ್ಗೆ ಬಂದ್ಬಿಡು. ರಾಗಿ ಮೂಟೆ ಕಟ್ಬೇಕು."

ಆಸ್ಪತ್ರೆಯಲ್ಲಿ ಔಷಧಿ ಹೊರಗಿನಿಂದ ತರಲು ಬರೆದುಕೊಟ್ಟಿದ್ದರು; ಕೈಯಲ್ಲಿ ದುಡ್ಡಿರಲಿಲ್ಲ. ಬೆಳಗ್ಗೆ ಮುತ್ತಮ್ಮ ಕೂಲಿಗೆ ಹೋದಳು.

ಬೈಲಪ್ಪನ ಪೊರಕೆ ಚರಂಡಿಯಲ್ಲೇ ಇತ್ತು. ಟಾರಿನ ಮೇಲಿನ ಕಲೆಗೆ ಯಾರೋ ಒಂದು ಬೊಗಸೆ ಮಣ್ಣು ಹಾಕಿ ಮುಚ್ಚಿದ್ದರು. ಅವಳು ರಾಗಿಯ ಸುತ್ತಲಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಸೊಂಟಕ್ಕೆ ಆನಿಸಿಕೊಂಡು ತಂದು, ಆ ಮಣ್ಣಿನ ಸುತ್ತ ಇಟ್ಟಳು. ಸೀರೆಗೆಲ್ಲ ಸುಣ್ಣವಾಯಿತು. ಪೊರಕೆ ತೆಗೆದುಕೊಂಡು ಕಲ್ಲುಗಳ ಒಳಗೆ ಹೋಗಿ, ಗಂಡ ಕೂತಿದ್ದ ಹಾಗೆಯೇ ಕೂತಳು.

ಮೊದಲು ಬಂದ ಕಾರು ದೂರದಿಂದಲೇ ಕಲ್ಲು ಕಂಡು ನಿಧಾನವಾಯಿತು. ಪಕ್ಕಕ್ಕೆ ತಿರುಗಿ ರಾಗಿಯ ಮೇಲೆ ಹಾದುಹೋಯಿತು. ಹಿಂದೆಯೇ ಒಂದು ಟಿಪ್ಪರ್.

"ಲೇ ಲೌಡಿ! ರಾಗಿ ಕಣೇ! ಕಲ್ಲು ಇಡೇ ಅಲ್ಲಿ!" ಗೋವಿಂದರಾಜು ಪಂಚೆ ಎತ್ತಿಕೊಂಡು ತೋಟದಿಂದ ಓಡಿಬರುತ್ತಿದ್ದ.

ಗಾಡಿ ಹತ್ತಿರವಾದಾಗಲೆಲ್ಲ ಮುತ್ತಮ್ಮ ಕಣ್ಣು ಮುಚ್ಚಿ ಪೊರಕೆಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಏಳಲಿಲ್ಲ.