ಕಬ್ಬಿನ ಸಾಲಿನ ಕುಸ್ತಿ

ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವಷ್ಟರಲ್ಲಿ ವಿಶಾಖಾಳ ಸಿಟ್ಟು ಇಳಿಯಬೇಕಿತ್ತು. ಬಸ್ಸಿನ ಕಂಡಕ್ಟರ್ ತನ್ನ ಸೀಟನ್ನೇ ಬಿಟ್ಟುಕೊಟ್ಟಿದ್ದ. ಆದರೂ ಸಿಟ್ಟು ಇಳಿಯಲಿಲ್ಲ.

ಸಿಟ್ಟಿಗೆ ಕಾರಣ ಒಂದು ಮೊಬೈಲ್ ಗೇಮು: ಟಿವಿ ಕಾರ್ಟೂನಿನ ಪೈಲ್ವಾನನನ್ನು ಬಳಸಲು ಕಾರ್ಟೂನಿನವರ ಜೊತೆ ಕರಾರು ಮಾಡಿಕೊಂಡು ತಯಾರಿಸಿದ ಕುಸ್ತಿ ಗೇಮು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಾಗ, ಅವಳ ಅಪ್ಪ ದೇವಿಂದ್ರಪ್ಪ ಮತ್ತು ಉಳಿದ ಡ್ರೈವರುಗಳು ನೆಟ್ ಇಲ್ಲದೆಯೇ ಮೊಬೈಲಿಗೆ ಮೊಬೈಲು ಜೋಡಿಸಿ ಆಡುತ್ತಿದ್ದರು. ಹಿಂದಿನ ಅಪ್‌ಡೇಟ್ ಬಂದ ಮೇಲೆ ಆ ಜೋಡಣೆಯೇ ಕೆಟ್ಟಿತ್ತು. ಇವತ್ತು ಬೆಳಿಗ್ಗೆ ಗೇಮ್ ಕಂಪನಿಯ ಸಂದೇಶ: ತಿಂಗಳ ಕೊನೆಗೆ ಕರಾರು ಮುಗಿಯುತ್ತದೆ, ನಾವು ಹೊಸ ಗೇಮಿನತ್ತ ಹೊರಟಿದ್ದೇವೆ, ನಿಮ್ಮ ಪ್ರೀತಿಗೆ ಧನ್ಯವಾದ.

ಗೇಮು ಮಾಡಿದವರಲ್ಲಿ ಒಬ್ಬ ಅವಳ ಚಿಕ್ಕಮ್ಮನ ಮಗ ರಾಜೀವ. ಹುಮನಾಬಾದಿನ ಮನೆಯಲ್ಲೇ ಕೂತು ಕೆಲಸ ಮಾಡುವವನು. ಅವಳಿಗೆ ಬಾಗಿಲು ತೆರೆದವನೂ ಅವನೇ.

"ಕೂಡಕ್ಕಾ, ಚಹಾ ತರ್ತೀನಿ."

"ಚಹಾ ಇರ್ಲಿ. ತಿಂಗಳ ಕೊನಿತನಕ ಟೈಮ್ ಅದ. ಆ ಜೋಡಣಿ ಒಂದು ರಿಪೇರಿ ಮಾಡಿ ಆಮ್ಯಾಲ ಎಲ್ಲಿಗರೆ ಹೋಗ್ರಿ."

"ಆಫೀಸ್‌ನ್ಯಾಗ ನಂಬಾಕ ತಯಾರಿಲ್ಲ. ಕೆಟ್ಟದ ಅಂತ ಒಂದ್ ಕಂಪ್ಲೇಂಟ್ ಇಲ್ಲ. ನಮ್ಮ ಕಡಿಯವ್ರೆಲ್ಲಾ ಐದೈದು ಸ್ಟಾರ್ ಕೊಟ್ಟು 'ಭಾಳ ಚಲೋ ಅದರಿ' ಅಂತ ಬರದಾರ."

"ಅಪ್ಪ ನಿನಗ ಫೋನ್ ಮಾಡಿ ಹೇಳಿಲ್ಲೇನು?"

"ನನಗ ಹೇಳಿದ್ದು ಲೆಕ್ಕಕ್ಕ ಬರಂಗಿಲ್ಲಕ್ಕಾ. ಸ್ಟಾರ್ ಜೋಡಿ ಬರದಿದ್ದಷ್ಟೇ ನೋಡ್ತಾರ."

ವಿಶಾಖಾಳ ಕಿವಿ ಕಾದವು. ಸ್ಟಾರ್ ಕೊಡಿಸಿದವಳು ಅವಳೇ. ನಮ್ಮ ಹುಡುಗನ ಹೆಸರು ಕೆಡಬಾರದು, ತಪ್ಪಿದ್ದರೆ ಮನೆಯೊಳಗೆ ಹೇಳಿದರಾಯಿತು ಎಂದು ಡ್ರೈವರುಗಳ ಮೊಬೈಲು ಇಸಿದುಕೊಂಡು ತಾನೇ ಒತ್ತಿದ್ದಳು.

"ಇದನ್ನ ಮದ್ಲ ಯಾಕ ಹೇಳ್ಲಿಲ್ಲ?"

ರಾಜೀವ ನೆಲ ನೋಡಿದ. "ಆ ಸ್ಟಾರ್ ನೋಡೇ ಸಾಹೇಬ್ರು ನನ್ನ ಹೊಸಾ ಗೇಮಿಗಿ ಆರಿಸ್ಯಾರ."

ಅವಳು ಅಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ ಅವನ ಮುಂದೆ ಹಿಡಿದಳು. "ನೀನೇ ಹೇಳು."

"ದೊಡ್ಡಪ್ಪ, ಅದು ರಿಪೇರಿ ಆಗಂಗಿಲ್ಲ. ನಾವು ಬ್ಯಾರೆ ಗೇಮಿಗಿ ಹೊಂಟೀವಿ."

ಟ್ರ್ಯಾಕ್ಟರಿನ ಸದ್ದಿನ ನಡುವೆ ದೇವಿಂದ್ರಪ್ಪನ ದನಿ: "ಹೌದಾ. ಇರ್ಲಿ ಬಿಡು ತಮ್ಮಾ. ಹೊಸಾದು ಬಂದ್ರ ಹೇಳು, ಅದಕ್ಕೂ ಎಲ್ಲಾರ ಕಡಿಂದ ಸ್ಟಾರ್ ಒತ್ತಿಸ್ತೀನಿ. ಉಂಡಿಯಿಲ್ಲೋ?"

ಅಪ್ಪನ ಆ ಅಕ್ಕರೆ ಕೇಳಿ ವಿಶಾಖಾಳ ಸಿಟ್ಟು ಇನ್ನಷ್ಟು ಏರಿತು.

"ಒಬ್ರೂ ಒತ್ತಬ್ಯಾಡ್ರಿ," ಅಂದಳು. "ಅಪ್ಪಾ, ಎಲ್ಲಾರ ಮೊಬೈಲ್ ಇಸ್ಕೊಂಡಿಡು. ನಾ ಸೀದಾ ಕಾರ್ಖಾನಿಗೇ ಬರಾಕತ್ತೇನಿ. ಆ ಸ್ಟಾರ್ ತೆಗದು, ಖರೇ ಏನದ ಅದನ್ನೇ ಬರಿಯೂನು."

"ಅಕ್ಕಾ, ನನ್ನ ನೌಕರಿ..."

"ತಿಂಗಳ ಕೊನಿತನಕ ಟೈಮ್ ಅದ, ರಿಪೇರಿ ಮಾಡು," ಎಂದು ಅವಳು ಚಪ್ಪಲಿ ಮೆಟ್ಟಿದಳು.